ಅಪ್ಪನಲ್ಲಿ ಉಳಿದ ಪದ

ಮನೆಯಿಂದ,
ಮಾರ್ಚ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಏಣಿ ಹತ್ತುವಾಗ ಬಲಗಡೆಯ ಮೊಣಕಾಲು ಹಿಡಿದುಕೊಳ್ಳುತ್ತದೆ ಎಂದು ಹಿಂದೆ ನೀನು ನಮ್ಮ ಪ್ರೆಸ್ಸಿಗೆ ಫೋನ್ ಮಾಡಿದಾಗ ಹೇಳಿದ್ದೆ. ಯಾರಿಗಾದರೂ ತೋರಿಸಿದೆಯೋ, ಇಲ್ಲಾ ಎಂದಿನಂತೆ ‘ತಾನಾಗೇ ಬಂತು, ತಾನಾಗೇ ಹೋಗುತ್ತೆ’ ಎಂದು ಬಿಟ್ಟೆಯೋ? ಟರ್ಪೆಂಟೈನ್ ವಾಸನೆಗೆ ಬರುವ ಕೆಮ್ಮು ಹೇಗಿದೆ? ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡು ಎಂದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ ಅನ್ನುತ್ತೀಯ. ಹಲ್ಲಿನ ಡಾಕ್ಟರಿಗೆ ನೀನು ಬರೆದ ಬೋರ್ಡಿನ ಫೋಟೋವನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಅಕ್ಷರಗಳು ಚೆನ್ನಾಗಿವೆ. ಎರಡನೆಯ ಸಾಲಿನ ಕೊನೆಯ ಪದಕ್ಕೆ ಜಾಗ ಸಾಲದೆ ಸ್ವಲ್ಪ ಒತ್ತಿದ್ದೀಯ. ಬೇರೆ ಯಾರಿಗೂ ಕಾಣುವುದಿಲ್ಲ. ಪ್ರೂಫ್ ನೋಡುವವಳ ಕಣ್ಣು ಮಾತ್ರ ಅಲ್ಲಿಗೇ ಹೋಗುತ್ತದೆ, ಏನು ಮಾಡಲಿ.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ಅಮ್ಮ ಮೊನ್ನೆಯಿಂದ ಹದಿನಾರರ ಹುಡುಗಿಯಂತೆ ಓಡಾಡುತ್ತಿದ್ದಾಳೆ. ನಿನ್ನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದಳು. ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟಳು. ಅಲ್ಲಿ ಪೇರಿಸಿಟ್ಟಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ನನ್ನ ಕೋಣೆಗೆ ಸಾಗಿಸಿದ್ದಾಳೆ. ಈಗ ನಾನು ಮಂಚಕ್ಕೆ ಹೋಗಬೇಕಾದರೆ ಒಂದು ಕಾಲನ್ನು ಮಡಚಿಕೊಂಡು ಹೋಗಬೇಕು. ಕೇಳಿದರೆ, ‘ಅವನು ಬರೋವರೆಗೂ ತಡ್ಕೋ, ಆಮೇಲೆ ಅವನೇ ಎತ್ತಿಡ್ತಾನೆ’ ಅನ್ನುತ್ತಾಳೆ. ಅಂದರೆ ನೀನು ಬರುವುದು ಎರಡು ದಿನದ ಮಟ್ಟಿಗಲ್ಲ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಾಳೆ.

ಭಾನುವಾರ ಅವಳು ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ‘ಅಪ್ಪ ಸಾರಿ ಕೇಳ್ತಿದಾರೆ ಕಣೋ, ದಿನಾ ಕೇಳ್ತಿದಾರೆ, ಬಾ’ ಎಂದು ಹೇಳಿ, ನಿನ್ನ ಉತ್ತರ ನನಗೂ ಕೇಳಲಿ ಎಂದು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ನೀನು, ‘ನನಗೇ ಹೇಳ್ತಿರೋದು ಅಂತ ಹೇಗೆ ಗೊತ್ತು?’ ಎಂದು ಕೇಳಿದೆ. ‘ನಿನ್ನ ಫೋಟೋ ನೋಡ್ಕೊಂಡೇ ಹೇಳ್ತಾರಪ್ಪ, ನಾನೇ ಕಣ್ಣಾರೆ ನೋಡಿದೀನಿ’ ಎಂದಳು. ಅದಕ್ಕೆ ನೀನು, ಕೈಯಲ್ಲಿರುವ ಬೋರ್ಡು ಮುಗಿಸಿ ಮುಂದಿನ ವಾರ ಬರುತ್ತೇನೆ ಎಂದೆ. ಆ ಮಾತು ಹೇಳಿದಾಗಿನ ನಿನ್ನ ದನಿಯನ್ನು ನೀನು ಮನೆ ಬಿಟ್ಟ ಮೇಲೆ ನಾನು ಕೇಳಿರಲಿಲ್ಲ. ಚಿಕ್ಕಂದಿನಲ್ಲಿ ಹೊರಗೆ ಆಡಲು ಹೋಗಲು ಒಪ್ಪಿಗೆ ಸಿಕ್ಕಿದಾಗ ಹಾಗೆ ಮಾತಾಡುತ್ತಿದ್ದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ, ಮತ್ತು ಇದು ನೀನು ಹೊರಡುವ ಮೊದಲೇ ತಲುಪಬೇಕು. ಫೋನಿನಲ್ಲಿ ಹೇಳುವಂತಿಲ್ಲ. ಮನೆಯ ಫೋನು ನಡುಮನೆಯಲ್ಲಿದೆ, ಅಮ್ಮನ ಕಿವಿ ಸದ್ಯ ಚುರುಕಾಗಿದೆ. ಪ್ರೆಸ್ಸಿನ ಫೋನು ಮ್ಯಾನೇಜರರ ಮೇಜಿನ ಮೇಲಿದೆ.

ಆ ಫೋಟೋದ ವಿಷಯ ಮೊದಲು ಹೇಳಿಬಿಡುತ್ತೇನೆ. ನಿನ್ನ ಫೋಟೋ ಎದುರು ಗೋಡೆಯಲ್ಲಿದೆ. ಅಪ್ಪನ ಮಂಚ ಆ ಕಡೆಗೇ ಮುಖ ಮಾಡಿದೆ. ಅವರಿಗೆ ಕತ್ತು ತಿರುಗಿಸಲು ಬರುವುದಿಲ್ಲ. ಕಣ್ಣು ಬಿಟ್ಟರೆ ನೀನು, ನಿನ್ನ ಪಕ್ಕ ಗಡಿಯಾರ, ಅದರ ಕೆಳಗೆ ಒರೆಸುವ ಬಟ್ಟೆ ನೇತುಹಾಕಿರುವ ಮೊಳೆ. ಅವರು ಏನು ಹೇಳಿದರೂ ನಿಮ್ಮ ಮೂವರನ್ನು ನೋಡಿಕೊಂಡೇ ಹೇಳಬೇಕು.

ಅವರು ಬಿದ್ದದ್ದು ನಿಘಂಟಿನ ಕಚೇರಿಯಲ್ಲಿ, ಪದಗಳಿಗೆ ಉದಾಹರಣೆ ಬರೆದಿಡುವ ಚೀಟಿಗಳ ಡ್ರಾಯರಿನ ಮುಂದೆ ಎಂಬುದಷ್ಟೇ ನಿನಗೆ ಗೊತ್ತು. ಅಲ್ಲಿನ ಪತ್ರಿಕೆಗಳಿಗೆ ರಟ್ಟು ಕಟ್ಟುವ ಬೈಂಡರ್ ಮಾಮ ಹಿಡಿದುಕೊಳ್ಳದಿದ್ದರೆ ತಲೆಯೂ ಒಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಮೊದಲ ಕೆಲವು ದಿನ ಮಾತೇ ಇರಲಿಲ್ಲ. ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಹೋಗಿದ್ದವು. ಆಮೇಲೊಂದು ಬೆಳಿಗ್ಗೆ ಅಮ್ಮ ಮುಖ ಒರೆಸುತ್ತಿದ್ದಾಗ ಅಪ್ಪ ಬಾಯಿ ತೆರೆದು, ಯಾವ ತೊದಲೂ ಇಲ್ಲದೆ, ‘ಸಾರಿ’ ಎಂದರು. ಅಮ್ಮ ಒದ್ದೆ ಬಟ್ಟೆಯನ್ನು ಹಾಗೇ ಅವರ ಕೆನ್ನೆಯ ಮೇಲೆ ಬಿಟ್ಟು ಹೊರಗೆ ಬಂದು ನನ್ನನ್ನು ಕರೆದಳು. ನಾನು ಹೋದಾಗ ನನಗೂ ‘ಸಾರಿ’ ಎಂದರು. ನರ್ಸಿಗೂ ಅಂದರು. ಅಲ್ಲಿಂದ ಇಲ್ಲಿಯವರೆಗೆ ಅವರ ಬಾಯಿಂದ ಬಂದಿರುವುದು ಅದೊಂದೇ ಪದ.

ಅದೇ ಪದ ಯಾಕೆ ಉಳಿಯಬೇಕಿತ್ತು ಹೇಳು. ನಮ್ಮ ಮನೆಯಲ್ಲಿ ಅದಕ್ಕೆ ಪ್ರವೇಶವೇ ಇರಲಿಲ್ಲ. ಶಾಲೆಯಿಂದ ಅದನ್ನು ಕಲಿತುಕೊಂಡು ಬಂದ ದಿನ ನೀನು ಹಾಲು ಚೆಲ್ಲಿ, ದೊಡ್ಡ ಮನುಷ್ಯನಂತೆ ‘ಸಾರಿ’ ಎಂದದ್ದು, ಅಪ್ಪ ಪುಸ್ತಕದಿಂದ ತಲೆಯೆತ್ತಿ, ‘ತಪ್ಪು ಮಾಡಿದ್ರೆ ತಪ್ಪಾಯ್ತು ಅನ್ನು. ಮಾಡಿಲ್ಲ ಅಂದ್ರೆ ಸುಮ್ಮನಿರು. ಇದು ಬಾಯಿ ಒರೆಸ್ಕೊಳ್ಳೋ ಬಟ್ಟೆ, ಮಾತಲ್ಲ’ ಎಂದದ್ದು ನೆನಪಿದೆಯೆ? ‘ತಪ್ಪಾಯ್ತು’ ಎಂದರೆ ತಲೆ ತಗ್ಗಬೇಕು, ‘ಕ್ಷಮಿಸಿ’ ಎಂದರೆ ಪುಸ್ತಕದಿಂದ ಓದಿದಂತೆ ಕೇಳುತ್ತದೆ, ಆದ್ದರಿಂದ ಜನ ಎರಡೂ ಬೇಡವೆಂದು ಇದನ್ನು ಹಿಡಿದುಕೊಂಡರು ಎಂಬುದು ಅವರ ವಾದ. ಬಸ್ಸಿನಲ್ಲಿ ಕಾಲು ತುಳಿದರೂ ಸಾರಿ, ಬಾಳು ಹಾಳು ಮಾಡಿದರೂ ಸಾರಿ, ಒಂದೇ ಚಪ್ಪಲಿಯಲ್ಲಿ ಎಲ್ಲರ ಮನೆಗೂ ಹೋಗುವ ಪದ ಎಂದು ಬೈಯುತ್ತಿದ್ದರು. ಆದರೆ ‘ತಪ್ಪಾಯ್ತು’ ಎಂದು ಅವರು ಹೇಳಿದ್ದನ್ನೂ ನಾವ್ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಮಾತು ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಿಂದ ಬರುತ್ತಿದ್ದಳು. ಒಳ್ಳೆಯ ಹುಡುಗಿ, ನನಗಿಂತ ಎಷ್ಟೋ ಚಿಕ್ಕವಳು. ಮೊದಲ ದಿನವೇ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ‘ಅದು ಮಾತು ಅಂತ ಅಂದ್ಕೋಬೇಡಿ ಅಕ್ಕಾ. ಕೆಲವರಿಗೆ ಒಂದು ಪದ ಹೀಗೆ ಉಳ್ಕೊಳ್ಳುತ್ತೆ. ನೀರು ಬೇಕು ಅನ್ನೋಕೆ ಹೋದ್ರೂ ಅದೇ ಬರುತ್ತೆ, ಬೇಡ ಅನ್ನೋಕೂ ಅದೇ. ಯಾಕೆ ಆ ಪದಾನೇ ಅಂತ ಯಾರಿಗೂ ಗೊತ್ತಿರಲ್ಲ’ ಎಂದಳು. ಅದನ್ನು ಅಮ್ಮನಿಗೆ ಹೇಳಬೇಕು ಎಂದು ನಾನು ಅಪ್ಪನ ಕೋಣೆಗೆ ಹೋದೆ. ಅಮ್ಮ ಅಪ್ಪನ ಕಾಲ ಬಳಿ ಕೂತು ಮಾತಾಡುತ್ತಿದ್ದಳು. ‘ಇರ್ಲಿ ಬಿಡಿ. ಎಷ್ಟು ವರ್ಷದ ಮಾತು ಅದು. ನಮ್ಮಮ್ಮನೂ ಹೋದ್ಲು, ನಂಗೂ ವಯಸ್ಸಾಯ್ತು. ಈಗ ಯಾಕೆ ಅದನ್ನೆಲ್ಲ ಮನಸ್ಸಿಗೆ ಹಚ್ಕೋತೀರಿ’ ಎನ್ನುತ್ತಿದ್ದಳು. ಯಾವ ಮಾತು ಎಂದು ನನಗೆ ತಕ್ಷಣ ಹೊಳೆಯಿತು. ನಿನಗೂ ಹೊಳೆದಿರುತ್ತದೆ.

ಮದುವೆಯಾದ ಹೊಸದರಲ್ಲಿ ಅಮ್ಮ ತನ್ನ ತಾಯಿಗೆ ಬರೆದ ಪತ್ರಗಳನ್ನು ಅಪ್ಪ ಅಂಚೆಗೆ ಹಾಕುವ ಮೊದಲು ತೆರೆದು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರಂತೆ. ಕದ್ದು ಓದುವ ಉದ್ದೇಶವಲ್ಲ. ವಾಕ್ಯ ತಪ್ಪಾಗಿ ಹೊರಗೆ ಹೋಗಬಾರದು, ಅಷ್ಟೇ. ಅಜ್ಜಿಗೆ ಮಗಳ ಪತ್ರ ಶಾಲೆಯ ಉತ್ತರಪತ್ರಿಕೆಯ ಹಾಗೆ ಹೋಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಅಮ್ಮ ಬರೆಯುವುದನ್ನು ಬಿಟ್ಟಳು. ಅಜ್ಜಿ ಸಾಯುವವರೆಗೂ ಬರೆಯಲಿಲ್ಲ, ಆಮೇಲೆ ಯಾರಿಗೂ ಬರೆಯಲಿಲ್ಲ, ನೀನು ಹೋದ ಮೇಲೆ ನಿನಗೂ ಬರೆಯಲಿಲ್ಲ. ಮನೆಯ ಪತ್ರವೆಲ್ಲ ನನ್ನ ಕೈಯಲ್ಲಿ ಬರುವುದು ಅದಕ್ಕೇ. ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕಾಣೆ. ಒಮ್ಮೆಯೂ ಕೇಳಿದವರಲ್ಲ. ಈಗ ಅವರ ಬಾಯಿಂದ ಆ ಪದ ಬಂತು, ಅಮ್ಮ ಅದನ್ನು ಎರಡೂ ಕೈಚಾಚಿ ತೆಗೆದುಕೊಂಡಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಿದ್ದರೆ ನೀನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನಾನು ಚಹಾ ಬೇಕಾ ಎಂದು ಕೇಳಿ ಅಡುಗೆಮನೆಗೆ ಬಂದುಬಿಟ್ಟೆ.

ಆಮೇಲೆ ಸುದ್ದಿ ಹಬ್ಬಿತು. ನೋಡಲು ಬಂದವರೆಲ್ಲರಿಗೂ ಒಂದೊಂದು ಸಾರಿ ಸಿಗತೊಡಗಿತು. ಚಿಕ್ಕಪ್ಪ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅಪ್ಪ ಹೇಳಿದರು. ಚಿಕ್ಕಪ್ಪ ಎದೆಯುಬ್ಬಿಸಿಕೊಂಡು ಹೊರಗೆ ಬಂದು, ‘ಕೊನೆಗೂ ಒಪ್ಕೊಂಡ ನೋಡು’ ಎಂದರು. ಯಾವುದಕ್ಕೆ ಚಿಕ್ಕಪ್ಪಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಎಲ್ಲಾದಕ್ಕೂ ಸೇರಿಸಿ’ ಎಂದು ಹೇಳಿ ಇನ್ನೊಂದು ಲೋಟ ಚಹಾ ಕುಡಿದು ಹೋದರು. ಬೈಂಡರ್ ಮಾಮನಿಗೆ ಮಾತ್ರ ಗಾಬರಿಯಾಯಿತು. ‘ನಂಗ್ಯಾಕೆ ಸಾರಿ ಹೇಳ್ತಾರೆ? ನಂಗೇನೂ ಮಾಡಿಲ್ವಲ್ಲ. ನಂಗೆ ಗೊತ್ತಿಲ್ದೆ ಏನಾದ್ರೂ ಮಾಡಿದಾರಾ?’ ಎಂದು ಗೇಟಿನವರೆಗೂ ಕೇಳುತ್ತಾ ಹೋದರು. ನಗು ಬಂತು. ನೀನು ಇಲ್ಲಿದ್ದಿದ್ದರೆ ನಾವಿಬ್ಬರೂ ಬಚ್ಚಲುಮನೆಗೆ ಓಡಿಹೋಗಿ ನಗುತ್ತಿದ್ದೆವು. ಒಬ್ಬಳೇ ನಗುವುದು ಕಷ್ಟ.

ಮಾಮನೇ ಇನ್ನೊಂದು ಸುದ್ದಿ ತಂದಿದ್ದರು. ನಿಘಂಟಿನ ಕಚೇರಿ ಮುಚ್ಚುವುದು ಖಚಿತವಂತೆ. ಚೀಟಿಗಳ ಡ್ರಾಯರುಗಳನ್ನೆಲ್ಲ ಎತ್ತಿ ಮೆಟ್ಟಿಲ ಕೆಳಗೆ ಇಟ್ಟಿದ್ದಾರೆ. ಮೇಲಿನ ಮಹಡಿಗೆ ಬಂದಿರುವ ಇನ್ಶೂರೆನ್ಸ್ ಆಫೀಸಿನವರು ಅವುಗಳ ಮೇಲೆ ಚಹಾದ ಲೋಟ ಇಡುತ್ತಾರಂತೆ. ಇಂಗ್ಲಿಷಿನ ಪ್ರತಿ ಪದಕ್ಕೂ ನಮ್ಮ ಭಾಷೆಯಲ್ಲಿ ಅರ್ಥ, ಬಳಕೆ, ಮೂಲ ಎಲ್ಲ ಕೊಡುವ ನಿಘಂಟು ಎಸ್ ಅಕ್ಷರದ ನಡುವೆಯೇ ನಿಂತಿತು. ಆ ಕೊನೆಯ ಭಾಗದ ಪ್ರೂಫ್ ನೋಡಿದವಳು ನಾನೇ. ‘ಸಾರಿ’ ಪದದ ನಮೂದು ಅದರಲ್ಲಿದೆ. ಅಪ್ಪ ಸ್ವತಃ ಬರೆದದ್ದು. ಅಷ್ಟು ಬೈದರೂ ಬರೆಯುವಾಗ ಅದಕ್ಕೆ ಅನ್ಯಾಯ ಮಾಡಿರಲಿಲ್ಲ. ಹಳೆಯ ಅರ್ಥ ಮೊದಲು, ಹೊಸದು ಕೊನೆಗೆ ಎಂಬುದು ಅವರ ಕ್ರಮವಲ್ಲವೆ? ಆ ಪ್ರಕಾರ ಇದರಲ್ಲಿ ಕ್ಷಮೆ ಕೇಳುವ ಅರ್ಥ ಎಲ್ಲೋ ಕೆಳಗಿದೆ. ಅದು ತೀರಾ ಈಚಿನದು. ಕಿವಿಗೆ ಬೀಳದ ಮಾತನ್ನು ಮತ್ತೆ ಹೇಳಿ ಎಂದು ಕೇಳುವ ಅರ್ಥವೂ ಅಲ್ಲೇ ಪಕ್ಕದಲ್ಲಿದೆ. ಅವುಗಳ ಮೇಲೆ, ಹೀನ ಸ್ಥಿತಿಯಲ್ಲಿರುವ, ನೋಡಿದರೆ ಕನಿಕರ ಹುಟ್ಟಿಸುವ ಎಂಬರ್ಥ. ಅದಕ್ಕೂ ಮೇಲೆ ವ್ಯಥೆಪಟ್ಟ ಎಂದು. ಮೂಲಕ್ಕೆ ಹೋದರೆ ಹಳೆಯ ಇಂಗ್ಲಿಷಿನಲ್ಲಿ ಗಾಯ, ನೋವು ಎಂಬ ಪದ. ಅದರಿಂದ ಹುಟ್ಟಿ ‘ನೋವು ತುಂಬಿದ’ ಎಂದಾಯಿತು. ದುಃಖ ಎಂಬರ್ಥದ ‘ಸಾರೊ’ ಎಂಬ ಇನ್ನೊಂದು ಇಂಗ್ಲಿಷ್ ಪದ ನೋಡಲು ಇದರ ಅಕ್ಕನ ಹಾಗೆ ಕಾಣುತ್ತದೆ, ಆದರೆ ಎರಡರ ಬೇರು ಬೇರೆ ಬೇರೆ, ಅಕ್ಕಪಕ್ಕ ಇದ್ದು ಇದ್ದು ಒಂದರ ಚಹರೆ ಇನ್ನೊಂದಕ್ಕೆ ಬಂದಿದೆ ಎಂದು ಒಂದು ಟಿಪ್ಪಣಿ. ತಪ್ಪು ಒಪ್ಪಿಕೊಳ್ಳುವುದಕ್ಕೂ ಈ ಪದಕ್ಕೂ ಹುಟ್ಟಿನಿಂದ ಸಂಬಂಧವೇ ಇಲ್ಲ. ಯಾರ ತಪ್ಪೂ ಇಲ್ಲದ ಸಾವಿನ ಸುದ್ದಿಗೂ ಇಂಗ್ಲಿಷಿನವರು ಅದನ್ನೇ ಹೇಳುತ್ತಾರೆ. ಆಗ ಇದನ್ನೆಲ್ಲ ಓದಿ, ಒಂದು ಅಲ್ಪವಿರಾಮ ಸರಿಪಡಿಸಿ ಮುಂದಿನ ಪುಟಕ್ಕೆ ಹೋಗಿದ್ದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮಲಗಿದ್ದಲ್ಲೇ ಮಲಗಿಸಬೇಡಿ, ಆಗಾಗ ಮಗ್ಗುಲು ಬದಲಿಸಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿದ್ದರು. ನಾನೂ ಅಮ್ಮನೂ ಬದಲಿಸುತ್ತಿದ್ದೆವು. ಪ್ರತಿ ಸಲ ಕೈ ಹಾಕಿದ ತಕ್ಷಣ ಅಪ್ಪ ಸಾರಿ, ಸಾರಿ ಅನ್ನುತ್ತಿದ್ದರು. ನಾವು ಪರವಾಗಿಲ್ಲ, ಪರವಾಗಿಲ್ಲ ಅನ್ನುತ್ತಿದ್ದೆವು. ಒಂದೊಂದು ಸಲ ಅದು ಇಬ್ಬರು ಸಭ್ಯಸ್ಥರು ಬಾಗಿಲಲ್ಲಿ ಎದುರಾಗಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟಂತೆ ಕೇಳುತ್ತಿತ್ತು. ಎಡಕ್ಕೆ ತಿರುಗಿಸುವಾಗ ಜಾಸ್ತಿ ಹೇಳುತ್ತಿದ್ದರು. ಅಮ್ಮನಿಗೆ ಅದನ್ನು ನೋಡಲಾಗಲಿಲ್ಲ. ‘ಪಾಪ, ಹೆಂಡ್ತಿ ಮಗಳಿಗೆ ತೊಂದ್ರೆ ಕೊಡ್ತಿದೀನಲ್ಲ ಅಂತ ಸಂಕೋಚ ಪಡ್ತಾರೆ. ಒಂದು ಲೋಟ ನೀರು ಸಹ ತಾವೇ ತಗೊಂಡು ಕುಡಿದ ಜೀವ. ಪದೇ ಪದೇ ಹಿಂಸೆ ಮಾಡ್ಬೇಡ, ಸುಮ್ನೆ ಬಿಡು’ ಎಂದಳು. ನಾನೂ ಬಿಟ್ಟೆ. ನಾನು ಪ್ರೆಸ್ಸಿಗೆ ಹೋದಾಗ ಅಮ್ಮ ಒಬ್ಬಳೇ ಇರುತ್ತಿದ್ದಳು, ಮೈ ಒರೆಸುವುದನ್ನೂ ತಾನೇ ಮಾಡುತ್ತಿದ್ದಳು, ಅವಳ ಕಣ್ಣು ಎಷ್ಟು ಮಂಜು ಎಂದು ನಿನಗೆ ಗೊತ್ತೇ ಇದೆ. ನಿನಗೆ ಫೋನ್ ಮಾಡಿದ ಮಾರನೆಯ ದಿನ, ಅಂದರೆ ನಿನ್ನೆ, ಕೋಣೆಯಲ್ಲಿ ಒಂದು ವಾಸನೆ ಬಂತು. ಹಾಸಿಗೆ ಬದಲಿಸೋಣವೆಂದು ಅಪ್ಪನನ್ನು ಪೂರ್ತಿ ಎಡಕ್ಕೆ ಹೊರಳಿಸಿದೆ. ಬೆನ್ನಿನ ಕೆಳಗೆ, ಮೂಳೆ ಹಾಸಿಗೆಗೆ ಒತ್ತುವ ಜಾಗದಲ್ಲಿ, ನನ್ನ ಅಂಗೈಯಷ್ಟು ಅಗಲದ ಹುಣ್ಣು. ಒಳಗೆ ಬೆಳ್ಳಗೆ ಕಾಣುತ್ತಿತ್ತು. ಅಪ್ಪ ಸಾರಿ ಎಂದರು.

ಡಾಕ್ಟರು ಬಂದು ನೋಡಿ, ಇಷ್ಟು ಆಳಕ್ಕೆ ಹೋಗಲು ಬಹಳ ದಿನ ಬೇಕು, ನೋವಿನ ಸೂಚನೆಯೇ ಕೊಡಲಿಲ್ಲವೆ ಎಂದು ಕೇಳಿದರು. ಅಮ್ಮ, ‘ಇಲ್ಲ ಡಾಕ್ಟ್ರೇ, ಸಾರಿ ಅಂತಿದ್ರು ಅಷ್ಟೆ’ ಎಂದಳು. ಡಾಕ್ಟರು ತಲೆ ಎತ್ತಿ ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಕೈತೊಳೆಯಲು ಹೋದರು. ನಂಜು ರಕ್ತಕ್ಕೆ ಸೇರಿದೆಯಂತೆ. ಔಷಧ ಕೊಟ್ಟಿದ್ದಾರೆ. ಬಾಗಿಲ ಬಳಿ ನನಗೊಬ್ಬಳಿಗೇ, ಬರಬೇಕಾದವರು ಇದ್ದರೆ ಬರಲಿ ಎಂದರು.

ಅಪ್ಪ ಆ ಪದವನ್ನು ಅದರ ಹಳೆಯ ಅರ್ಥದಲ್ಲಿ, ನೋವು ಎಂಬರ್ಥದಲ್ಲೇ ಹೇಳುತ್ತಿದ್ದರು ಎಂದು ನಾನು ಬರೆದರೆ ಚೆನ್ನಾಗಿರುತ್ತದೆ. ನಾವು ಓದುವ ಕಥೆಗಳಲ್ಲಿ ಹಾಗೆ ಬರುತ್ತದೆ. ಅಪ್ಪನ ಕೈಗೆ ಸಿಕ್ಕಿದ್ದರೆ ಆ ವಾಕ್ಯದ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದರು. ‘ಪದ ಎಲ್ಲಿ ಹುಟ್ಟಿತು ಅನ್ನೋದು ಅದು ಈಗ ಎಲ್ಲಿದೆ ಅಂತ ಹೇಳಲ್ಲ’ ಎಂದು ಕಚೇರಿಗೆ ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಒಂದು ವಾಕ್ಯ ನೋಡಿ ಅರ್ಥ ಕಟ್ಟಬೇಡಿ, ಬೇರೆ ಬೇರೆ ಕಡೆಯಿಂದ ಬಂದ ಹತ್ತಾರು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ ಎಂಬುದೂ ಅವರದೇ ಪಾಠ. ಡಾಕ್ಟರು ಹೋದ ಮೇಲೆ ನಾನು ಆ ಕೆಲಸ ಮಾಡಿದೆ. ಬಾಗಿಲ ಹೊರಗೆ ಸುಮ್ಮನೆ ನಿಂತು ಕೇಳಿದೆ. ಕೋಣೆಯಲ್ಲಿ ಯಾರೂ ಇಲ್ಲದಾಗಲೂ ಹೇಳಿದರು. ಬೀದಿಯಲ್ಲಿ ಲಾರಿ ಹಾರ್ನ್ ಹೊಡೆದಾಗ ಹೇಳಿದರು. ಗಂಜಿಯ ಚಮಚ ಹತ್ತಿರ ಬಂದಾಗ, ದೂರ ಹೋದಾಗ. ಆಮೇಲೆ ನಿನ್ನ ಫೋಟೋವನ್ನು ಮೊಳೆಯಿಂದ ತೆಗೆದು ಅವರ ಕಣ್ಣಿನ ಹತ್ತಿರ ಹಿಡಿದೆ. ಹೇಳಿದರು. ಅದನ್ನು ಕೆಳಗಿಟ್ಟು ಖಾಲಿ ಗೋಡೆ ಕಾಣಿಸಿದೆ. ಅದೇ ದನಿಯಲ್ಲಿ, ಅದೇ ಏರಿಳಿತದಲ್ಲಿ ಹೇಳಿದರು. ನಾನು ಅದೆಷ್ಟು ಹೊತ್ತು ಕಿವಿಗೊಟ್ಟರೂ ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವೂ ಸಿಗಲಿಲ್ಲ.

ಆದ್ದರಿಂದ, ತಮ್ಮಾ, ಅದು ನಿನಗೆ ಹೇಳಿದ್ದಲ್ಲ. ಅಮ್ಮನಿಗೆ ಹೇಳಿದ್ದೂ ಅಲ್ಲ, ಚಿಕ್ಕಪ್ಪನಿಗೂ ಅಲ್ಲ. ಅವರು ಕ್ಷಮೆ ಕೇಳುತ್ತಿಲ್ಲ, ನೋವು ಅಂತಲೂ ಹೇಳುತ್ತಿಲ್ಲ. ಅವರೊಳಗೆ ಏನೇನಿದೆಯೋ ಎಲ್ಲದಕ್ಕೂ ಬಾಗಿಲು ಅದೊಂದೇ ಉಳಿದಿದೆ, ಆ ಬಾಗಿಲಿಂದ ಹೊರಗೆ ಬಂದದ್ದೆಲ್ಲ ಒಂದೇ ಮುಖ ಹೊತ್ತು ಬರುತ್ತದೆ. ಹಣೆ ಗಂಟಿಕ್ಕಿದ್ದು, ಎಡಗೈ ಮುಷ್ಟಿ ಬಿಗಿದದ್ದು ನಮಗೆ ಕಾಣುತ್ತಿತ್ತು. ಪದ ಸಿಕ್ಕಿತಲ್ಲ ಎಂದು ನಾವು ಅದೊಂದನ್ನೇ ಹಿಡಿದು ಕೂತೆವು. ಮಾತು ಬಾರದ ಕೂಸಾಗಿದ್ದರೆ ಮೊದಲು ಬಟ್ಟೆ ಬಿಚ್ಚಿ ಮೈ ನೋಡುತ್ತಿದ್ದೆವು. ಬೇರೆ ಯಾರ ಮನೆಯಲ್ಲಾದರೂ ನೋಡುತ್ತಿದ್ದರೇನೋ.

‘ಅವರು ಒಂದು ಮಾತು ಹೇಳ್ಲಿ, ಮಾರನೇ ದಿನ ಬರ್ತೀನಿ’ ಎಂದು ಹೇಳಿ ಹೋದವನು ನೀನು. ನಾನು ನಿನ್ನನ್ನು ಆಗಲೂ ದೂರಲಿಲ್ಲ, ಈಗಲೂ ದೂರುವುದಿಲ್ಲ. ನೀನು ಅಲ್ಲಿ ಕೆಲಸಕ್ಕಿದ್ದಾಗ ಇಡೀ ಕಚೇರಿಯ ಮುಂದೆ, ನೀನು ಪತ್ರಿಕೆಯಿಂದ ವಾಕ್ಯ ಬರೆದುಕೊಂಡಿದ್ದ ಚೀಟಿಯನ್ನು ಎತ್ತಿ ಹಿಡಿದು, ಈ ವಾಕ್ಯ ಪತ್ರಿಕೆಯಲ್ಲಿ ಇಲ್ಲವೇ ಇಲ್ಲ, ‘ಕಟ್ಟುಕಥೆ ಬರಿಯೋದಾದ್ರೆ ಹೊರಗೆ ಹೋಗಿ ಬರಿ’ ಎಂದವರು ಅವರು. ಬೈಂಡರ್ ಮಾಮ, ಅಪ್ಪ ನೋಡಿರದ ಸಂಜೆಯ ಆವೃತ್ತಿಯಲ್ಲಿ ಆ ವಾಕ್ಯವನ್ನು ಹುಡುಕಿ ತಂದು ತೋರಿಸಿದ ಮೇಲೆ, ಚೀಟಿಗೆ ಸಹಿ ಹಾಕಿ, ಮಾತಿಲ್ಲದೆ ನಿನ್ನ ಟ್ರೇಯಲ್ಲಿ ಇಟ್ಟು ಹೋದವರೂ ಅವರೇ. ಮಗನಿಗೆ ಅಷ್ಟು ಸಾಕು ಅಂದುಕೊಂಡರೋ ಏನೋ. ಅದಾದ ಮೇಲಿನ ಒಂದು ಸಂಗತಿ ನಿನಗೆ ಗೊತ್ತಿಲ್ಲ. ನೀನು ಹೋದ ವಾರವೇ ಅಪ್ಪ ಬೈಂಡರ್ ಮಾಮನನ್ನು ಕರೆಸಿ, ಇನ್ನು ಮೇಲೆ ಬೆಳಗಿನ ಆವೃತ್ತಿ, ಸಂಜೆಯ ಆವೃತ್ತಿ ಎರಡನ್ನೂ ಸೇರಿಸಿ ಒಂದೇ ರಟ್ಟಿನೊಳಗೆ ಕಟ್ಟಬೇಕು ಎಂದರಂತೆ. ಹಳೆಯ ಸಂಪುಟಗಳನ್ನೂ ಬಿಚ್ಚಿಸಿ ಹಾಗೇ ಕಟ್ಟಿಸಿದರಂತೆ. ಮಾಮ ಮೊನ್ನೆ ಗೇಟಿನ ಬಳಿ ಹೇಳಿದರು. ‘ಎಷ್ಟು ಸಲ ಯಾಕೆ ಅಂತ ಕೇಳ್ದೆ. ಹುಡುಗರಿಗೆ ಹುಡುಕೋಕೆ ಸುಲಭ ಆಗ್ಲಿ ಅಂತಷ್ಟೇ ಅಂದ್ರು’ ಎಂದರು. ಇದನ್ನು ಇದ್ದ ಹಾಗೆ ನಿನ್ನ ಮುಂದೆ ಇಡುತ್ತಿದ್ದೇನೆ. ಇದು ನೀನು ಕೇಳಿದ ಮಾತಲ್ಲ. ಅದರ ಬದಲಿಗೆ ನಡೆಯುವಂಥದ್ದು ಎಂದೂ ಹೇಳಲಾರೆ. ಕಚೇರಿಯ ಕೆಲಸವನ್ನು ಸುಧಾರಿಸಿದ ಒಂದು ಏರ್ಪಾಡು, ಅಷ್ಟೇ ಇದ್ದರೂ ಇರಬಹುದು. ಆ ಸಂಪುಟಗಳೂ ಈಗ ಮೆಟ್ಟಿಲ ಕೆಳಗಿವೆ.

ಇದೆಲ್ಲ ಓದಿದ ಮೇಲೆ ನೀನು ಬಾರದೆ ಇದ್ದರೆ ಬೋರ್ಡಿನ ಕೆಲಸ ಮುಗಿಯಲಿಲ್ಲವಂತೆ ಎಂದು ಅಮ್ಮನಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ. ಹೇಳದೆ ನಿನ್ನನ್ನು ಕರೆಸಿಕೊಂಡಿದ್ದರೆ, ನೀನು ಆ ಮಂಚದ ಮುಂದೆ ನಿಂತು, ಅವರು ಆ ಪದ ಹೇಳಿ, ನಿನ್ನ ಕಣ್ಣು ತುಂಬಿ, ಅದೇ ಹೊತ್ತಿಗೆ ಗಂಜಿಯ ಚಮಚಕ್ಕೂ ಅವರು ಅದನ್ನೇ ಹೇಳುವುದನ್ನು ನೀನು ಕೇಳುತ್ತಿದ್ದೆ. ಅದನ್ನು ನಿನಗೆ ಮಾಡಲು ನನ್ನಿಂದಾಗಲಿಲ್ಲ. ಬಂದರೆ ಏನೂ ಸಿಗುವುದಿಲ್ಲ ಎಂದು ತಿಳಿದುಕೊಂಡು ಬಾ. ಸ್ವೆಟರ್ ತಂದುಕೋ, ಬೆಳಗಿನ ಹೊತ್ತು ಇನ್ನೂ ಚಳಿಯಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ರೈಲು ಹತ್ತು, ಮೇಲಿನ ಬರ್ತ್ ಕೊಟ್ಟರೆ ಯಾರನ್ನಾದರೂ ಕೇಳಿ ಬದಲಿಸಿಕೋ, ನಾಚಿಕೆ ಪಡಬೇಡ.

ಅಮ್ಮ ಆಶೀರ್ವಾದ ಬರೆ ಎಂದು ನಡುಮನೆಯಿಂದಲೇ ಕೂಗುತ್ತಿದ್ದಾಳೆ. ನಾನು ಪ್ರೆಸ್ಸಿನ ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿ ಕೂತಿದ್ದೆ, ಆದರೂ ಅವಳಿಗೆ ಯಾರಿಗೆ ಬರೆಯುತ್ತಿದ್ದೇನೆ ಎಂದು ಗೊತ್ತಾಗಿಬಿಟ್ಟಿದೆ. ಅವಳ ಆಶೀರ್ವಾದ, ನನ್ನ ಪ್ರೀತಿ. ಮೈ ಕಡೆ ನೋಡಿಕೋ.

ನಿನ್ನ
ಅಕ್ಕ

ಮರೆತ ಮಾತು: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಕರೆದಳು, ಹೋಗಿ ಬಂದೆ. ಬೆಳಗಿನಿಂದ ಅಪ್ಪ ಆ ಪದವನ್ನೂ ಹೇಳಿಲ್ಲ. ನಾನು ಗಮನಿಸಿದ್ದೆ, ಬರೆಯಲಿಲ್ಲ. ಈಗ ಗಾಯ ತೊಳೆದೆ. ಹಣೆ ಗಂಟಿಕ್ಕಿತು, ಬಾಯಿ ತೆರೆಯಿತು, ಏನೂ ಬರಲಿಲ್ಲ. ನಿದ್ದೆಗಣ್ಣು ಎಂದು ಅಮ್ಮನಿಗೆ ಹೇಳಿದ್ದೇನೆ. ಈಗ ಅವಳು, ‘ಮಗ ಬರ್ಲಿ ಅಂತ ಕೂಡಿಟ್ಕೊಂಡಿದಾರೆ’ ಅನ್ನುತ್ತಿದ್ದಾಳೆ. ಮುಂದಿನ ವಾರ ಬೇಡ, ಇದು ಕೈಗೆ ಸಿಕ್ಕ ದಿನವೇ ಹೊರಡು. ನೀನು ಅಪ್ಪನ ಕೋಣೆಗೆ ಹೋದಾಗ ಅವಳು ಬಾಗಿಲ ಹೊರಗೇ ನಿಂತಿರುತ್ತಾಳೆ, ನನಗೆ ಗೊತ್ತು. ಹೊರಗೆ ಬಂದ ಕೂಡಲೇ, ಹೇಳಿದ್ರಾ ಎಂದು ಕೇಳುತ್ತಾಳೆ. ಹೇಳಿದ್ರು ಅನ್ನು. ಆಗ ನನ್ನ ಕಡೆ ನೋಡಬೇಡ.